ಬೆಸೆದರೂ ಒಂದಾಗದ ಪದಗಳು

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಬಹಳ ಜನರಿಗೆ ಈ ಫಜೀತಿ ಗೊತ್ತು. ಕಥೆಯ ನಾಯಕನ ಹೆಸರು ರಾಮ ಎಂದಿಟ್ಟುಕೊಳ್ಳಿ. ಪುಟಗಟ್ಟಲೆ ಬರೆದಾದ ಮೇಲೆ ಅವನು ಕೃಷ್ಣ ಆಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. 'ಹುಡುಕಿ ಬದಲಿಸು' ಸೌಲಭ್ಯ ತೆರೆದು, ಮೇಲಿನ ಚೌಕದಲ್ಲಿ ರಾಮ, ಕೆಳಗಿನ ಚೌಕದಲ್ಲಿ ಕೃಷ್ಣ ಎಂದು ತುಂಬಿ 'ಎಲ್ಲವನ್ನೂ ಬದಲಿಸು' ಒತ್ತಿದರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಮರುದಿನ ಓದಲು ಕುಳಿತಾಗ ನಾಯಕ ಊಟ ಮುಗಿಸಿ 'ಆಕೃಷ್ಣವಾಗಿ' ಮಲಗಿರುತ್ತಾನೆ. ಪೂರ್ಣವಿರಾಮ 'ಪೂರ್ಣವಿಕೃಷ್ಣ' ಆಗಿರುತ್ತದೆ. ಗ್ರಾಮ ಪಂಚಾಯಿತಿ 'ಗ್ಕೃಷ್ಣ ಪಂಚಾಯಿತಿ'ಯಾಗಿ ಉಚ್ಚರಿಸಲೂ ಬಾರದಂತಾಗಿರುತ್ತದೆ.

ಮೂರನೆಯದು ನಿಜಕ್ಕೂ ಕುತೂಹಲದ್ದು. 'ಗ್ರಾಮ' ಎಂಬಲ್ಲಿ ನಮ್ಮ ಕಣ್ಣಿಗೆ ರಾಮ ಕಾಣುವುದೇ ಇಲ್ಲ. ಅಲ್ಲಿರುವುದು ಗಕಾರಕ್ಕೆ ರಕಾರದ ಒತ್ತು. ಆದರೆ ಯೂನಿಕೋಡ್ ಅದನ್ನು ಗ, ಹಲಂತ, ರ, ಆ ಸ್ವರದ ಗುರುತು, ಮ ಎಂದು ಐದು ಸಂಕೇತಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಆ ಸಾಲಿನ ಕೊನೆಯ ಮೂರು ಸಂಕೇತಗಳು 'ರಾಮ'. ಯಂತ್ರ ಹುಡುಕಿದ್ದು ಪದವನ್ನಲ್ಲ, ಸಂಕೇತಗಳ ಸಾಲನ್ನು. ನಾವು ಕೇಳಿದ್ದೂ ಅದನ್ನೇ.

ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇಂಥದ್ದೇ ಒಂದು ಬದಲಿಸುವ ಯಂತ್ರ ಐದು ದಶಕಗಳಿಂದ ದುಡಿಯುತ್ತಿದೆ. ಅದು ಇದಕ್ಕಿಂತ ಒಂದು ಮೆಟ್ಟಿಲು ಜಾಣ. ಅಕ್ಷರ ಬಿಟ್ಟು ಪದಗಳನ್ನು ನೋಡುತ್ತದೆ, ಹಾಗಾಗಿ ರಾಮನನ್ನು ಬದಲಿಸಲು ಹೇಳಿದರೆ ಆರಾಮವನ್ನು ಮುಟ್ಟುವುದಿಲ್ಲ. ಹೀಗಿದ್ದೂ ಸಿ++ ಬರೆಯುವವರನ್ನು ತುಂಬ ಗೊಂದಲಕ್ಕೆ ದೂಡುವ ದೂರುಗಳಲ್ಲಿ ಒಂದು ಈ ಯಂತ್ರದಿಂದಲೇ ಬರುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿದೆ: '<' ಮತ್ತು 'ಇಂಟ್' ಇವೆರಡನ್ನು ಅಂಟಿಸಿದರೆ ಸಿಂಧುವಾದ ಟೋಕನ್ ಆಗುವುದಿಲ್ಲ.

ಬರೆದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. '<' ಪಕ್ಕದಲ್ಲಿ, ಪೂರ್ಣಾಂಕವನ್ನು ಸೂಚಿಸುವ 'ಇಂಟ್' ಬರುವುದು ಸಿ++ನಲ್ಲಿ ದಿನನಿತ್ಯದ ಮಾತು. ಅದೇ ಕಡತದಲ್ಲಿ ಇನ್ನೂ ಹತ್ತು ಕಡೆ ಹಾಗೆಯೇ ಇರುತ್ತದೆ, ಅಲ್ಲೆಲ್ಲೂ ತಕರಾರಿಲ್ಲ. ಇಲ್ಲಿ ಮಾತ್ರ ಯಾಕೆ?

ಮೊದಲು ಜೋಡಿಸುವವರು, ಆಮೇಲೆ ಓದುವವರು

ನಾವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವುದು ಕಂಪೈಲರ್. ಆದರೆ ಸಿ ಮತ್ತು ಸಿ++ ಭಾಷೆಗಳಲ್ಲಿ ಬರಹ ಕಂಪೈಲರಿನ ವ್ಯಾಕರಣ ವಿಭಾಗಕ್ಕೆ ತಲುಪುವ ಮುಂಚೆ ಇನ್ನೊಂದು ಕೈ ದಾಟಿ ಬರುತ್ತದೆ. ಅದರ ಹೆಸರು ಪ್ರೀಪ್ರೊಸೆಸರ್. ಮುಂಗೆಲಸದವನು ಎನ್ನಬಹುದು. ಬೇರೆ ಕಡತಗಳನ್ನು ತಂದು ಸೇರಿಸುವುದು, ಬೇಡದ ಭಾಗಗಳನ್ನು ಬಿಟ್ಟುಬಿಡುವುದು, 'ಈ ಹೆಸರು ಕಂಡಲ್ಲಿ ಈ ಸಾಲನ್ನು ಇಡು' ಎಂಬ ಆಜ್ಞೆಗಳನ್ನು ಪಾಲಿಸುವುದು ಅದರ ಕೆಲಸ. ಇಂಥ ಆಜ್ಞೆಗೆ ಮ್ಯಾಕ್ರೊ ಎನ್ನುತ್ತಾರೆ.

ಕಂಪ್ಯೂಟರ್ ಬರುವ ಮುಂಚಿನ ಕನ್ನಡ ಮುದ್ರಣಾಲಯವನ್ನು ನೆನೆಯಿರಿ. ಖಾನೆ ಖಾನೆಯಾಗಿದ್ದ ಪೆಟ್ಟಿಗೆಯ ಮುಂದೆ ನಿಂತು ಸೀಸದ ಮೊಳೆಗಳನ್ನು ಒಂದೊಂದಾಗಿ ತೆಗೆದು ಸಾಲು ಕಟ್ಟುತ್ತಿದ್ದವರು ಮೊಳೆ ಜೋಡಿಸುವವರು. ಹಸ್ತಪ್ರತಿಯಲ್ಲಿ ಪದ್ಯವಿದೆಯೋ, ಮದುವೆ ಕರೆಯೋಲೆಯಿದೆಯೋ, ವಾಕ್ಯ ಸರಿಯೋ ತಪ್ಪೋ, ಅದರ ಹೊಣೆ ಅವರದಲ್ಲ. ಅರ್ಥ ನೋಡುವವರು ಆಮೇಲೆ ಕರಡು ಹಿಡಿದು ಕೂರುವವರು. ಜೋಡಿಸುವವರಿಗೆ ಮುಖ್ಯವಾದ ಪ್ರಶ್ನೆ ಒಂದೇ: ಬೇಕಾದ ಮೊಳೆ ಪೆಟ್ಟಿಗೆಯಲ್ಲಿ ಇದೆಯೇ? ಎರಡು ಅಚ್ಚುಗಳ ಬದಲು ಒಂದೇ ಕೂಡು ಮೊಳೆ ಹಾಕಿ ಎಂದರೆ, ಅಂಥ ಮೊಳೆ ಇದ್ದರೆ ಹಾಕುತ್ತಾರೆ. ಇಲ್ಲದಿದ್ದರೆ 'ಇಂಥ ಮೊಳೆ ಇಲ್ಲ' ಎನ್ನುತ್ತಾರೆ. ಅವೆರಡನ್ನೂ ಪಕ್ಕಪಕ್ಕ ಇಟ್ಟರೆ ಓದಲು ಏನೂ ತೊಂದರೆಯಿರದಿದ್ದರೂ ಅಷ್ಟೇ.

ಪ್ರೀಪ್ರೊಸೆಸರ್ ಈ ಮೊಳೆ ಜೋಡಿಸುವವರು. ಕರಡು ಓದುವವರು ಕಂಪೈಲರ್. ಮೇಲಿನ ದೂರು ಬಂದದ್ದು ಮೊದಲನೆಯವರಿಂದ. ನಾವು ಮಾತ್ರ ಅದನ್ನು ಎರಡನೆಯವರ ಮಾತೆಂದು ಓದಿಕೊಂಡು ತಲೆ ಕೆಡಿಸಿಕೊಳ್ಳುತ್ತೇವೆ.

ಒಂದು ಟೋಕನ್ ಎಷ್ಟು ದೊಡ್ಡದು

ಪ್ರೀಪ್ರೊಸೆಸರ್ ಕೈಯಲ್ಲಿರುವ ಮೊಳೆಗಳಿಗೆ ಟೋಕನ್ ಎಂದು ಹೆಸರು. ಪ್ರೋಗ್ರಾಮಿನ ಪದತುಣುಕು ಎಂದುಕೊಳ್ಳಿ. ಒಂದು ಹೆಸರು ಒಂದು ಟೋಕನ್. ಒಂದು ಸಂಖ್ಯೆ ಒಂದು ಟೋಕನ್. ಉದ್ಧರಣ ಚಿಹ್ನೆಗಳ ನಡುವಿನ ಪಠ್ಯವೆಲ್ಲ ಸೇರಿ ಒಂದು ಟೋಕನ್. ಕೂಡಿಸುವ ಚಿಹ್ನೆ, ಕಂಸ, ಅಲ್ಪವಿರಾಮ ಇವು ಒಂದೊಂದೂ ಒಂದು ಟೋಕನ್. ಕೆಲವು ಜೋಡಿ ಚಿಹ್ನೆಗಳು, ಉದಾಹರಣೆಗೆ '++' ಅಥವಾ '->', ಎರಡೆರಡು ಗುರುತುಗಳಿದ್ದರೂ ಒಂದೇ ಟೋಕನ್.

ತುಂಡು ಮಾಡುವಾಗ ಯಂತ್ರ ಪಾಲಿಸುವ ನಿಯಮ ಬಹಳ ಸರಳ. ಎಡದಿಂದ ಹೊರಟು, ಸಾಧ್ಯವಾದಷ್ಟು ಉದ್ದದ ತುಂಡನ್ನು ಕತ್ತರಿಸಿಕೊಳ್ಳುತ್ತದೆ. ಈ ನಿಯಮದಿಂದ ಸಿ++ ಬರೆಯುವವರು ವರ್ಷಗಟ್ಟಲೆ ಒಂದು ಕಿರಿಕಿರಿ ಅನುಭವಿಸಿದರು. ಪಟ್ಟಿಗಳ ಪಟ್ಟಿ ಬೇಕಾಗಿ 'ಪಟ್ಟಿ<ಪಟ್ಟಿ<ಇಂಟ್>>' ಎಂದು ಬರೆದಾಗ ಕೊನೆಯಲ್ಲಿ '>>' ಬರುತ್ತಿತ್ತು. ಕಂಪೈಲರ್ ಅದನ್ನು ಎರಡು ಮುಚ್ಚುವ ಗುರುತುಗಳೆಂದು ಓದದೆ, ಬಿಟ್‌ಗಳನ್ನು ಬಲಕ್ಕೆ ಸರಿಸುವ ಒಂದೇ ಚಿಹ್ನೆ ಎಂದು ಓದಿ ದೂರುತ್ತಿತ್ತು. ನಡುವೆ ಒಂದು ಖಾಲಿ ಜಾಗ ಬಿಡುವುದು ಎಲ್ಲರೂ ಕಲಿತ ಉಪಾಯ. 2011ರ ಮಾನದಂಡ ಬಂದ ಮೇಲಷ್ಟೇ ಆ ಕಾಟ ತಪ್ಪಿತು.

ಈ ಅಧ್ಯಾಯಕ್ಕೆ ಬೇಕಾದ ಮುಖ್ಯ ಲೆಕ್ಕ ಇದು. 'ಪಟ್ಟಿ<ಇಂಟ್>' ಎಂದು ಬರೆದರೆ ನಮಗೆ ಅದು ಒಂದೇ ಹೆಸರು: ಪೂರ್ಣಾಂಕಗಳ ಪಟ್ಟಿ. ಪ್ರೀಪ್ರೊಸೆಸರಿಗೆ ಅದು ನಾಲ್ಕು ಟೋಕನ್: ಪಟ್ಟಿ, <, ಇಂಟ್, >. ಅದಕ್ಕೆ ಟೆಂಪ್ಲೇಟ್ (ಇದರ ವಿವರ ಮುಂದಿದೆ) ಎಂದರೆ ಏನೆಂದು ಗೊತ್ತಿಲ್ಲ, ಬಗೆ (ಟೈಪ್) ಎಂದರೆ ಏನೆಂದೂ ಗೊತ್ತಿಲ್ಲ. ಅದರ ಲೋಕದಲ್ಲಿ '<' ಎಂದರೆ ಒಂದು ಚಿಹ್ನೆ, ಅಷ್ಟೇ.

(ಉದಾಹರಣೆಗಳಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಯಂತ್ರಕ್ಕೆ ಕೊಡುವಾಗ ಡಿಫೈನ್, ಇಂಟ್ ಮುಂತಾದ ಕಾದಿಟ್ಟ ಪದಗಳು ರೋಮನ್ ಲಿಪಿಯಲ್ಲೇ ಇರಬೇಕು. ಆದರೆ 'ಪಟ್ಟಿ', 'ಬಗೆ' ಮುಂತಾಗಿ ನಾವು ಇಡುವ ಹೆಸರುಗಳು ನಿಜವಾಗಿಯೂ ಕನ್ನಡದಲ್ಲಿರಬಹುದು. 2020ರಲ್ಲಿ ಬಂದ ಜಿಸಿಸಿ ಕಂಪೈಲರಿನ 10ನೇ ಆವೃತ್ತಿಯಿಂದ ಅದಕ್ಕೆ ನೇರವಾಗಿ ಅವಕಾಶವಿದೆ. ಒಂದೇ ಎಚ್ಚರ: 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕ ಕೂಡಿಕೊಳ್ಳದಂತೆ ನಾವು ನಡುವೆ ಇಡುವ ಕಾಣದ ಸಂಕೇತವನ್ನು ಸಿ++23ರ ನಿಯಮ ಹೆಸರುಗಳೊಳಗೆ ಒಪ್ಪುವುದಿಲ್ಲ. ಕನ್ನಡದ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.)

ಎರಡು ಹ್ಯಾಶ್‌ನ ಹುಟ್ಟು

ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ, ಅದರ ಚರಿತ್ರೆಯನ್ನು ತಾವೇ ಬರೆದಿದ್ದಾರೆ. 1972-73ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಪ್ರೀಪ್ರೊಸೆಸರ್ ಸೇರಿತು. ಅಲನ್ ಸ್ನೈಡರ್ ಅವರ ಒತ್ತಾಯ ಒಂದು ಕಾರಣ. ಬಿಸಿಪಿಎಲ್ ಮತ್ತು ಪಿಎಲ್/1 ಭಾಷೆಗಳಲ್ಲಿ ಕಡತ ಸೇರಿಸುವ ಸೌಲಭ್ಯ ಉಪಯುಕ್ತವಾಗಿ ಕಂಡದ್ದು ಇನ್ನೊಂದು. ಮೊದಲ ರೂಪದಲ್ಲಿ ಕಡತ ಸೇರಿಸುವುದು ಮತ್ತು ಸರಳ ಪದ ಬದಲಾವಣೆ ಇವೆರಡೇ ಇದ್ದವು. ಆಮೇಲೆ ಮೈಕ್ ಲೆಸ್ಕ್, ಅವರ ನಂತರ ಜಾನ್ ರೈಸರ್ ಅದನ್ನು ಬೆಳೆಸಿ, ಒಳಗೆ ಬೇಕಾದ್ದನ್ನು ತುಂಬಿಸಬಲ್ಲ ಮ್ಯಾಕ್ರೊಗಳನ್ನು ತಂದರು. ಆರಂಭದ ವರ್ಷಗಳಲ್ಲಿ ಅದು ಕಡ್ಡಾಯವೂ ಆಗಿರಲಿಲ್ಲ, ಭಾಷೆಯ ಪಕ್ಕದಲ್ಲಿ ಇಟ್ಟ ಸಹಾಯಕ ಸಾಧನ ಮಾತ್ರ ಆಗಿತ್ತು.

ಮ್ಯಾಕ್ರೊಗಳಿಗೆ ವಿಷಯ ತುಂಬಿಸಲು ಆಗತೊಡಗಿದ ಕೂಡಲೇ ಒಂದು ಹೊಸ ಬಯಕೆ ಹುಟ್ಟಿತು: ಎರಡು ತುಣುಕು ಸೇರಿಸಿ ಹೊಸ ಹೆಸರು ಮಾಡಲು ಆದೀತೇ? 'ಮರ' ಕೊಟ್ಟರೆ 'ಮರಗಳು' ಎಂಬ ಹೆಸರು ತಾನೇ ಹುಟ್ಟಬೇಕು. ಪಕ್ಕಪಕ್ಕ ಬರೆದರೆ ಎರಡು ಟೋಕನ್ ಆಗುತ್ತವೆ. ರೈಸರ್ ಅವರ ಪ್ರೀಪ್ರೊಸೆಸರ್ ಟಿಪ್ಪಣಿಗಳನ್ನು ಗುರುತೇ ಉಳಿಯದಂತೆ ಅಳಿಸಿಹಾಕುತ್ತಿತ್ತು. ಜನ ಅದನ್ನೇ ಹಿಡಿದುಕೊಂಡು ಎರಡು ಪದಗಳ ನಡುವೆ ಖಾಲಿ ಟಿಪ್ಪಣಿ ಇಟ್ಟರು. ಟಿಪ್ಪಣಿ ಮಾಯವಾಗಿ ಪದಗಳು ಕೂಡಿಕೊಳ್ಳುತ್ತಿದ್ದವು. ಅದು ಭಾಷೆ ಕೊಟ್ಟ ಮಾತಲ್ಲ, ಒಂದು ಪ್ರೀಪ್ರೊಸೆಸರಿನ ಅಭ್ಯಾಸ. ಬೇರೆ ಕಡೆ ನಡೆಯುತ್ತದೆಂಬ ಭರವಸೆ ಇರಲಿಲ್ಲ.

1989ರ ಆನ್ಸಿ ಮಾನದಂಡ ಈ ಗೋಜಲನ್ನು ಬಿಡಿಸಿತು. ಟಿಪ್ಪಣಿಯ ಜಾಗದಲ್ಲಿ ಒಂದು ಖಾಲಿ ಜಾಗ ಉಳಿಯತಕ್ಕದ್ದು ಎಂದಿತು. ಕೂಡಿಸಲೇಬೇಕಾದವರಿಗೆ ಪ್ರತ್ಯೇಕ ಗುರುತು ಕೊಟ್ಟಿತು: ಎರಡು ಹ್ಯಾಶ್, ##. ಇದನ್ನು ಬೆಸುಗೆ ಎಂದು ಕರೆಯೋಣ. ಇದರ ನಿಯಮ ಒಂದೇ ವಾಕ್ಯದ್ದು. ಎಡಗಡೆಯ ಟೋಕನ್ ಮತ್ತು ಬಲಗಡೆಯ ಟೋಕನ್ ಸೇರಿ ಒಂದೇ ಒಂದು ಸಿಂಧು ಟೋಕನ್ ಆಗಬೇಕು.

ಮರ ಮತ್ತು ಗಳು ಬೆಸೆದರೆ ಮರಗಳು, ಹೆಸರಾಗಿ ಸಿಂಧು. 1 ಮತ್ತು 2 ಬೆಸೆದರೆ 12, ಸಂಖ್ಯೆಯಾಗಿ ಸಿಂಧು. '-' ಮತ್ತು '>' ಬೆಸೆದರೆ '->', ಚಿಹ್ನೆಯಾಗಿ ಸಿಂಧು. '<' ಮತ್ತು 'ಇಂಟ್' ಬೆಸೆದರೆ '<ಇಂಟ್'. ಹೀಗೊಂದು ಟೋಕನ್ ಭಾಷೆಯ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಚಿಹ್ನೆಯಲ್ಲಿ ಶುರುವಾಗಿ ಅಕ್ಷರದಲ್ಲಿ ಮುಗಿಯುವ ಹೆಸರು ಯಾರೂ ಇಡಲಾರರು.

ಟೆಂಪ್ಲೇಟ್‌ಗಿಂತ ಮುಂಚೆ

ಬೆಸುಗೆ ಮತ್ತು ಟೆಂಪ್ಲೇಟ್‌ಗಳ ನಂಟು ಹಳೆಯದು. ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲೇ ಶುರುಮಾಡಿದ ಕೆಲಸ 1983ರಲ್ಲಿ ಸಿ++ ಎಂಬ ಹೆಸರು ಪಡೆಯಿತು. ಆಗ ಅದರಲ್ಲಿ ಟೆಂಪ್ಲೇಟ್ ಇರಲಿಲ್ಲ. ಟೆಂಪ್ಲೇಟ್ ಎಂದರೆ ಬಗೆಯ ಜಾಗವನ್ನು ಖಾಲಿ ಬಿಟ್ಟು ಬರೆದ ಮಾದರಿ: 'ಯಾವುದೋ ಒಂದು ಬಗೆಯ ವಸ್ತುಗಳ ಪಟ್ಟಿ' ಎಂದು ಒಮ್ಮೆ ಬರೆದಿಟ್ಟರೆ, ಬಳಸುವವರು ಆ ಬಗೆ ಯಾವುದೆಂದು ಹೇಳಿದಾಗ ಕಂಪೈಲರ್ ಅದಕ್ಕೆ ತಕ್ಕ ಪಟ್ಟಿಯನ್ನು ಮಾಡಿಕೊಡುತ್ತದೆ. ಸ್ಟ್ರೌಸ್ಟ್ರಪ್ ಇದರ ವಿನ್ಯಾಸವನ್ನು 1988ರಲ್ಲಿ ಪ್ರಕಟಿಸಿದರು. ಬೆಲ್ ಲ್ಯಾಬ್ಸ್‌ನ ಸಿಫ್ರಂಟ್ ಕಂಪೈಲರಿಗೆ ಅದು ಸೇರಿದ್ದು 1991ರ 3.0 ಆವೃತ್ತಿಯಲ್ಲಿ.

ಆ ನಡುವಿನ ವರ್ಷಗಳಲ್ಲಿ ಜನ ಏನು ಮಾಡುತ್ತಿದ್ದರು? ಬೆಸುಗೆ ಹಾಕುತ್ತಿದ್ದರು. ಸಿ++ ಜೊತೆಗೆ ಜೆನೆರಿಕ್ ಎಂಬ ಹೆಸರಿನ ಒಂದು ಶಿರೋಕಡತ (ಹೆಡರ್ ಫೈಲ್) ಬರುತ್ತಿತ್ತು. ಅದರಲ್ಲಿ ಎರಡು ಹೆಸರು ಕೂಡಿಸುವ 'ನೇಮ್2' ಎಂಬ ಮ್ಯಾಕ್ರೊ ಇತ್ತು. ಪೂರ್ಣಾಂಕಗಳ ವೆಕ್ಟರ್ ಬೇಕೆಂದರೆ ವೆಕ್ಟರ್ ಮ್ಯಾಕ್ರೊಗೆ ಇಂಟ್ ಕೊಡಬೇಕು. ಅದು 'ಇಂಟ್‌ವೆಕ್ಟರ್' ಎಂಬ ಹೊಸ ಹೆಸರನ್ನು ಬೆಸೆದು ಕೊಡುತ್ತಿತ್ತು. ಪ್ರತಿ ಬಗೆಗೂ ಹೀಗೆ ಹೆಸರು ಬೆಸೆದು, ಅದರಡಿ ಇಡೀ ವರ್ಗದ (ಕ್ಲಾಸ್) ಪಠ್ಯವನ್ನು ಅಚ್ಚುಹಾಕಿಸುವುದು.

ಇಂಟ್, ಡಬಲ್ ಮುಂತಾದ ಒಂಟಿ ಪದಗಳಿಗೆ ಇದು ಸೊಗಸಾಗಿ ನಡೆಯುತ್ತಿತ್ತು. ಅಕ್ಷರಗಳಿಗೆ ಬೊಟ್ಟು ಮಾಡುವ ಪಾಯಿಂಟರ್ ಬಗೆ ಬಂದಾಗ ಎಡವಿತು. ಅದನ್ನು ಬರೆಯುವುದು 'ಚಾರ್' ಎಂಬ ಪದ ಮತ್ತು ನಕ್ಷತ್ರ ಚಿಹ್ನೆ ಸೇರಿಸಿ, ಅಂದರೆ ಎರಡು ಟೋಕನ್. 'ವೆಕ್ಟರ್' ಹೋಗಿ ಬೆಸೆದುಕೊಳ್ಳಬೇಕಾದದ್ದು ನಕ್ಷತ್ರಕ್ಕೆ. ಅದು ಆಗುವ ಮಾತಲ್ಲ. ಪಾಯಿಂಟರ್ ಬಗೆಗೆ ಮೊದಲು ಒಂದು ಒಂಟಿ ಹೆಸರು ಇಟ್ಟು, ಆ ಹೆಸರನ್ನು ಮ್ಯಾಕ್ರೊಗೆ ಕೊಡುವುದೇ ದಾರಿಯಾಗಿತ್ತು. ನನ್ನ ಅಭಿಪ್ರಾಯದಲ್ಲಿ ಟೆಂಪ್ಲೇಟ್ ಯಾಕೆ ಬೇಕಾಯಿತು ಎಂಬುದನ್ನು ಈ ಒಂದು ನಕ್ಷತ್ರ ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಬಗೆ ಎಂಬುದು ಬರಿಯ ಪದವಲ್ಲ, ಅದಕ್ಕೆ ಒಳಗೊಂದು ರಚನೆ ಇದೆ. ಪದಗಳನ್ನಷ್ಟೇ ಬಲ್ಲ ಯಂತ್ರದ ಕೈಗೆ ಅದನ್ನು ಒಪ್ಪಿಸಿದರೆ ಎಲ್ಲೋ ಒಂದು ಕಡೆ ಒಡೆಯುತ್ತದೆ.

ಹೆಚ್ಚಾಗಿ ಎಡವುವ ಜಾಗ

ಈಗ ಮೊದಲಿನ ದೂರಿಗೆ ಬರೋಣ. ಅದನ್ನು ಹುಟ್ಟಿಸುವ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ:

#ಡಿಫೈನ್ ಪಟ್ಟಿಮಾಡು(ಬಗೆ, ಹೆಸರು) ಪಟ್ಟಿ<##ಬಗೆ##> ಹೆಸರು

ಬರೆದವರ ಮನಸ್ಸಿನಲ್ಲಿ ಇರುವುದು ಇಷ್ಟು: 'ಬಗೆ ಎಂಬ ಜಾಗದಲ್ಲಿ ನಾನು ಕೊಟ್ಟದ್ದು ಬಂದು ಕೂರಬೇಕು, ಅತ್ತಿತ್ತಲಿನ ಗುರುತುಗಳಿಗೆ ತಾಗಿಕೊಂಡಿರಬೇಕು.' ## ಎಂದರೆ 'ಇಲ್ಲಿ ತುಂಬು' ಎಂಬ ಸೂಚನೆ ಎಂದು ಅವರು ತಿಳಿದಿರುತ್ತಾರೆ. ತುಂಬುವುದಕ್ಕೆ ಯಾವ ಗುರುತೂ ಬೇಕಿಲ್ಲ. 'ಬಗೆ' ಎಂಬ ಹೆಸರು ಕಂಡರೆ ಸಾಕು, ಪ್ರೀಪ್ರೊಸೆಸರ್ ತಾನೇ ತುಂಬುತ್ತದೆ. ## ಹೇಳುವುದು ಬೇರೆಯದನ್ನು: ಎಡದ್ದನ್ನೂ ಬಲದ್ದನ್ನೂ ಕರಗಿಸಿ ಒಂದೇ ಮೊಳೆ ಎರೆ. ಎಡದ್ದು '<', ಬಲದ್ದು 'ಇಂಟ್'. ಎರೆಯಲಾಗದು. ಇನ್ನೊಂದು ಬದಿಯಲ್ಲಿ 'ಇಂಟ್' ಮತ್ತು '>', ಅದೂ ಆಗದು. ಒಂದೇ ಸಾಲಿಗೆ ಎರಡು ದೂರು ಬರುವುದು ಇದರಿಂದಲೇ.

ಪರಿಹಾರ ಎರಡೂ ## ಅಳಿಸುವುದು:

#ಡಿಫೈನ್ ಪಟ್ಟಿಮಾಡು(ಬಗೆ, ಹೆಸರು) ಪಟ್ಟಿ<ಬಗೆ> ಹೆಸರು

ಇದು ಸಾಕೇ ಎಂದು ಅನುಮಾನ ಬರುತ್ತದೆ. ಸಾಕು. '<' ಪಕ್ಕದಲ್ಲಿ 'ಇಂಟ್' ನಿಂತರೆ ಓದುವ ಕಂಪೈಲರಿಗೆ ಬೇಕಾದದ್ದು ಸಿಕ್ಕಿತು. ಅವು ಎರಡು ಟೋಕನ್ ಆಗಿಯೇ ಇರಬೇಕಾದವು. ಇದೇ ಬಗೆಯ ಎಡವಟ್ಟು ಚುಕ್ಕೆಯ ಮುಂದೆ, '->' ಬಾಣದ ಮುಂದೆ, '::' ಜೋಡಿ ಚುಕ್ಕೆಗಳ ಮುಂದೆ ## ಬರೆದಾಗಲೂ ಆಗುತ್ತದೆ. ಚುಕ್ಕೆಗೆ ಹೆಸರು ಬೆಸೆದುಕೊಳ್ಳುವುದಿಲ್ಲ, ಪಕ್ಕದಲ್ಲಿ ನಿಂತರೆ ಸಾಕು.

ಬೆಸುಗೆ ಕೂಡಿತು, ಆದರೂ ತಪ್ಪು

ಇನ್ನು ಸ್ವಲ್ಪ ಸೂಕ್ಷ್ಮವಾದ ಪ್ರಸಂಗ. ಪ್ರತಿ ಬಗೆಗೂ ಒಂದು ಪರೀಕ್ಷಾ ಕಾರ್ಯ (ಫಂಕ್ಷನ್) ಬೇಕು, ಅದರ ಹೆಸರು ತಾನಾಗಿ ಹುಟ್ಟಬೇಕು ಎಂದುಕೊಂಡು 'ಬಗೆ##_ಪರೀಕ್ಷೆ' ಎಂಬ ಮ್ಯಾಕ್ರೊ ಬರೆದಿದ್ದೀರಿ. ಇಂಟ್ ಕೊಟ್ಟರೆ 'ಇಂಟ್_ಪರೀಕ್ಷೆ' ಬರುತ್ತದೆ. ಸಂತೋಷ. ಈಗ 'ಪಟ್ಟಿ<ಇಂಟ್>' ಕೊಡಿ. ಕೊಟ್ಟದ್ದರಲ್ಲಿ ನಾಲ್ಕು ಟೋಕನ್ ಇವೆ. ಬೆಸುಗೆ ನಾಲ್ಕನ್ನೂ ಹಿಡಿಯುವುದಿಲ್ಲ, ತನ್ನ ಪಕ್ಕಕ್ಕೆ ಇರುವ ಒಂದನ್ನು ಮಾತ್ರ ಹಿಡಿಯುತ್ತದೆ. ಇಲ್ಲಿ ಕೊನೆಯದು '>'. '>' ಮತ್ತು '_ಪರೀಕ್ಷೆ' ಬೆಸೆಯಲಾಗದೆ ದೂರು ಬರುತ್ತದೆ.

ಕ್ರಮ ತಿರುಗಿಸಿ 'ಪರೀಕ್ಷೆ_##ಬಗೆ' ಎಂದು ಬರೆದರೆ ಪ್ರೀಪ್ರೊಸೆಸರ್ ಸುಮ್ಮನಾಗುತ್ತದೆ. ಈಗ ಬೆಸೆಯುವುದು ಮೊದಲ ಟೋಕನನ್ನು. 'ಪರೀಕ್ಷೆ_' ಮತ್ತು 'ಪಟ್ಟಿ' ಸೇರಿ 'ಪರೀಕ್ಷೆ_ಪಟ್ಟಿ', ಸಿಂಧುವಾದ ಹೆಸರು. ಉಳಿದ ಮೂರು ಟೋಕನ್ ಹಿಂದೆ ಬಾಲದಂತೆ ಬರುತ್ತವೆ: 'ಪರೀಕ್ಷೆ_ಪಟ್ಟಿ<ಇಂಟ್>'. ಮುಂದೆ ಕಂಪೈಲರ್ ಇದನ್ನು ಓದಿ, 'ಪರೀಕ್ಷೆ_ಪಟ್ಟಿ ಎಂಬ ಟೆಂಪ್ಲೇಟ್ ಎಲ್ಲಿದೆ?' ಎಂದು ಕೇಳುತ್ತದೆ. ಅಂಥದ್ದು ನಾವು ಬರೆದೇ ಇಲ್ಲ. ದೂರಿನಲ್ಲಿ ಬೆಸುಗೆಯ ಮಾತೇ ಇರುವುದಿಲ್ಲ, ನಾವೆಲ್ಲೂ ಟೈಪ್ ಮಾಡದ ಒಂದು ಹೆಸರು ಮಾತ್ರ ಇರುತ್ತದೆ. ನನ್ನನ್ನು ಕೇಳಿದರೆ ಮೊದಲಿನ ದೂರಿಗಿಂತ ಇದು ಹೆಚ್ಚು ಕಷ್ಟದ್ದು. ಅದು ತಪ್ಪಿನ ಜಾಗಕ್ಕೇ ಕೈತೋರಿಸುತ್ತದೆ, ಇದು ಪರಿಣಾಮವನ್ನು ತೋರಿಸಿ ಕಾರಣ ಮುಚ್ಚಿಡುತ್ತದೆ.

ದೂರೇ ಇಲ್ಲದೆ ಬೆಸುಗೆ ಕೂಡಿದರೂ ಹುಷಾರಾಗಿರಬೇಕು. ಗೂಗಲ್ ಟೆಸ್ಟ್ ಎಂಬ ಪ್ರಸಿದ್ಧ ಪರೀಕ್ಷಾ ಸಾಧನ ಪರೀಕ್ಷಾ ಗುಂಪಿನ ಹೆಸರು ಮತ್ತು ಪರೀಕ್ಷೆಯ ಹೆಸರನ್ನು ಕೆಳಗೆರೆ ಇಟ್ಟು ಬೆಸೆದು ಒಂದು ವರ್ಗದ ಹೆಸರು ಮಾಡುತ್ತದೆ. ಒಬ್ಬರು 'ಹಾಲು' ಎಂಬ ಗುಂಪಿನಲ್ಲಿ 'ಮೊಸರು_ಬೆಣ್ಣೆ' ಎಂಬ ಪರೀಕ್ಷೆ, ಇನ್ನೊಬ್ಬರು 'ಹಾಲು_ಮೊಸರು' ಎಂಬ ಗುಂಪಿನಲ್ಲಿ 'ಬೆಣ್ಣೆ' ಎಂಬ ಪರೀಕ್ಷೆ ಬರೆದರೆ ಎರಡಕ್ಕೂ ಒಂದೇ ಹೆಸರು ಬೆಸೆದುಕೊಂಡು ಡಿಕ್ಕಿ ಹೊಡೆಯುತ್ತವೆ. ಆದ್ದರಿಂದಲೇ ಆ ಸಾಧನದ ಕೈಪಿಡಿ ಹೆಸರುಗಳಲ್ಲಿ ಕೆಳಗೆರೆ ಬೇಡ ಎನ್ನುತ್ತದೆ.

'ಟಿ' ಯಾರೆಂದು ಗೊತ್ತಾಗುವ ಹೊತ್ತಿಗೆ

ಇಡೀ ವಿಷಯದ ತಿರುಳು ಇಲ್ಲಿದೆ. ಟೆಂಪ್ಲೇಟ್ ಬರೆಯುವಾಗ ಖಾಲಿ ಬಿಟ್ಟ ಬಗೆಗೆ ಸಾಮಾನ್ಯವಾಗಿ 'ಟಿ' ಎಂದು ಹೆಸರಿಡುತ್ತಾರೆ. ಮುದ್ರಿಸು_ಇಂಟ್, ಮುದ್ರಿಸು_ಡಬಲ್ ಎಂಬ ಎರಡು ಕಾರ್ಯಗಳು ಮೊದಲೇ ಇವೆ. 'ಮುದ್ರಿಸು_##ಬಗೆ' ಎಂಬ ಮ್ಯಾಕ್ರೊ ಕೂಡ ಇದೆ. ಟೆಂಪ್ಲೇಟಿನ ಒಳಗೆ ಈ ಮ್ಯಾಕ್ರೊಗೆ 'ಟಿ' ಕೊಟ್ಟುಬಿಟ್ಟರೆ, ಟಿ ಇಂಟ್ ಆದಾಗ ಮುದ್ರಿಸು_ಇಂಟ್, ಡಬಲ್ ಆದಾಗ ಮುದ್ರಿಸು_ಡಬಲ್ ಆಗಿಬಿಡುತ್ತದಲ್ಲ ಎಂಬ ಆಸೆ ಬಹಳ ಸಹಜ.

ಆಗುವುದಿಲ್ಲ. ಬರುವುದು ಯಾವಾಗಲೂ 'ಮುದ್ರಿಸು_ಟಿ'.

ಸಿ++ ಮಾನದಂಡ ಬರಹದಿಂದ ಪ್ರೋಗ್ರಾಮಿನವರೆಗಿನ ದಾರಿಯನ್ನು 9 ಹಂತಗಳಾಗಿ ವಿವರಿಸುತ್ತದೆ. 3ನೇ ಹಂತದಲ್ಲಿ ಬರಹ ಟೋಕನ್‌ಗಳಾಗಿ ತುಂಡಾಗುತ್ತದೆ. 4ನೇ ಹಂತದಲ್ಲಿ ಮ್ಯಾಕ್ರೊಗಳು ಬಿಚ್ಚಿಕೊಳ್ಳುತ್ತವೆ, ಬೆಸುಗೆ ನಡೆಯುತ್ತದೆ, ಪ್ರೀಪ್ರೊಸೆಸರ್ ಕೆಲಸ ಮುಗಿಸಿ ಹೊರಡುತ್ತದೆ. ವ್ಯಾಕರಣ ನೋಡುವುದು 7ನೇ ಹಂತ. ಟೆಂಪ್ಲೇಟ್‌ಗಳಿಗೆ ನಿಜವಾದ ಬಗೆಗಳನ್ನು ತುಂಬುವುದು 8ನೇ ಹಂತ. 9ರಲ್ಲಿ ಎಲ್ಲ ಭಾಗಗಳ ಜೋಡಣೆ. 'ಟಿ' ಎಂದರೆ ಇಂಟ್ ಎಂದು ಗೊತ್ತಾಗುವುದು 8ರಲ್ಲಿ, ಬೆಸುಗೆ ಮುಗಿದದ್ದು 4ರಲ್ಲಿ. ಅಷ್ಟು ಹೊತ್ತಿಗೆ ಹೆಸರು ಅಚ್ಚಾಗಿ ಹೋಗಿರುತ್ತದೆ. ಬೆಸುಗೆ ಹಾಕಿದವರಿಗೆ 'ಟಿ' ಎಂಬುದು ಒಂದು ಅಕ್ಷರದ ಹೆಸರಾಗಿ ಮಾತ್ರ ಕಂಡಿತ್ತು. ಅದು ಇನ್ನೊಂದರ ಬದಲಿಗೆ ನಿಂತಿದೆ ಎಂದು ತಿಳಿಯುವ ದಾರಿಯೇ ಅವರಿಗಿಲ್ಲ.

ಇದರ ಇನ್ನೊಂದು ತೊಡಕು, ದೂರು ತಡವಾಗಿ ಬರುವುದು. 'ಮುದ್ರಿಸು_ಟಿ'ಗೆ ಕೊಡುವ ವಸ್ತುವಿನ ಬಗೆಯೂ 'ಟಿ'ಯನ್ನೇ ನೆಚ್ಚಿದ್ದರೆ, ಕಂಪೈಲರ್ ಆ ಕಾರ್ಯ ಇದೆಯೋ ಇಲ್ಲವೋ ಎಂಬ ಅಂತಿಮ ತೀರ್ಮಾನವನ್ನು ಟೆಂಪ್ಲೇಟ್ ಬಳಕೆಯಾಗುವವರೆಗೆ ಮುಂದೂಡುತ್ತದೆ. ಶಿರೋಕಡತ ಬರೆದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ತಿಂಗಳುಗಳ ನಂತರ ಬೇರೆ ಯಾರೋ ಅದನ್ನು ಬಳಸಿದಾಗ ದೂರು ಅವರ ಪರದೆಯ ಮೇಲೆ ಮೂಡುತ್ತದೆ.

ಇಲ್ಲಿ ಸರಿಯಾದ ದಾರಿ ಹೆಸರು ಬೆಸೆಯುವ ಆಸೆಯನ್ನೇ ಬಿಡುವುದು. 'ಮುದ್ರಿಸು' ಎಂಬ ಒಂದೇ ಹೆಸರಿನಲ್ಲಿ ಇಂಟ್‌ಗೊಂದು, ಡಬಲ್‌ಗೊಂದು ಕಾರ್ಯ ಬರೆದರೆ ಸಾಕು. ಕೊಟ್ಟ ವಸ್ತುವಿನ ಬಗೆ ನೋಡಿ ಸರಿಯಾದದ್ದನ್ನು ಕಂಪೈಲರ್ ತಾನೇ ಆರಿಸುತ್ತದೆ. ಬಗೆ ನೋಡಿ ಮಾಡುವ ಆಯ್ಕೆಯನ್ನು ಬಗೆ ಗೊತ್ತಿರುವವರಿಗೇ ಬಿಡಬೇಕು.

ಅಲ್ಪವಿರಾಮದ ಕಾಟ

ಇದರ ಸೋದರ ಸಮಸ್ಯೆ ಒಂದಿದೆ. ಹೆಸರಿನಿಂದ ಸಂಖ್ಯೆಗೆ ಹೋಗುವ ಕೋಶವೊಂದನ್ನು 'ಕೋಶ<ಹೆಸರು, ಇಂಟ್>' ಎಂದು ಬರೆದು ಮ್ಯಾಕ್ರೊಗೆ ಕೊಟ್ಟರೆ, 'ಒಂದು ಕೇಳಿದರೆ ಎರಡು ಕೊಟ್ಟಿದ್ದೀರಿ' ಎಂಬ ಅರ್ಥದ ದೂರು ಬರುತ್ತದೆ. ಪ್ರೀಪ್ರೊಸೆಸರಿಗೆ ದುಂಡು ಕಂಸ ಗೊತ್ತು. ಅದರೊಳಗಿನ ಅಲ್ಪವಿರಾಮವನ್ನು ಅದು ಮುಟ್ಟುವುದಿಲ್ಲ. '<' ಮತ್ತು '>' ಕಂಸಗಳಂತೆ ಬಳಕೆಯಾಗಿವೆ ಎಂದು ಅದಕ್ಕೆ ಗೊತ್ತಿಲ್ಲ, ಆದ್ದರಿಂದ ನಡುವೆಯೇ ಕತ್ತರಿಸುತ್ತದೆ: 'ಕೋಶ<ಹೆಸರು' ಒಂದು ತುಂಡು, 'ಇಂಟ್>' ಇನ್ನೊಂದು. ಇಡೀ ಬಗೆಗೆ ಮೊದಲೇ ಒಂದು ಒಂಟಿ ಹೆಸರಿಟ್ಟು ಆ ಹೆಸರನ್ನು ಕೊಟ್ಟರೆ ತೊಂದರೆ ತೀರಿತು.

ಅಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯದು

'ಇಷ್ಟು ವರ್ಷ ನಡೆಯುತ್ತಿತ್ತಲ್ಲ' ಎಂಬುದು ಈ ದೂರು ಕಂಡವರ ಮೊದಲ ಮಾತು. ಸುಳ್ಳಲ್ಲ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಕಂಪೈಲರ್ ಬಳಸಿ ಬರೆದ ಪ್ರೋಗ್ರಾಮನ್ನು ಲಿನಕ್ಸ್‌ಗೆ ತಂದಾಗ ಈ ದೂರು ಹಿಂಡು ಹಿಂಡಾಗಿ ಬರುತ್ತದೆ. ಕಾರಣ ಮಾನದಂಡದಲ್ಲೇ ಇದೆ. ಬೆಸುಗೆಯ ಫಲ ಸಿಂಧು ಟೋಕನ್ ಆಗದಿದ್ದರೆ ಏನು ಮಾಡಬೇಕೆಂದು ಅದು ದಶಕಗಟ್ಟಲೆ ಕಟ್ಟುನಿಟ್ಟಾಗಿ ಹೇಳಲಿಲ್ಲ, ಕಂಪೈಲರ್ ಬರೆಯುವವರಿಗೆ ಬಿಟ್ಟುಕೊಟ್ಟಿತು. ಮೈಕ್ರೋಸಾಫ್ಟ್‌ನ ಹಳೆಯ ಪ್ರೀಪ್ರೊಸೆಸರ್ ಟೋಕನ್‌ಗಳಿಗಿಂತ ಅಕ್ಷರಗಳ ಸಾಲಿನ ಮೇಲೆ ಕೆಲಸ ಮಾಡುತ್ತಿತ್ತು. ಅಕ್ಷರಗಳನ್ನು ಹತ್ತಿರ ತಂದು, ಕಂಪೈಲರ್ ಮತ್ತೆ ತುಂಡು ಮಾಡಿಕೊಳ್ಳಲಿ ಎಂದು ಬಿಡುತ್ತಿತ್ತು. ಹಾಗಾಗಿ '<##ಇಂಟ್##>' ಅಲ್ಲಿ ಸದ್ದಿಲ್ಲದೆ ದಾಟಿಹೋಗುತ್ತಿತ್ತು. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರುಗಳು ಬೆಸುಗೆಯ ಫಲವನ್ನು ಅಲ್ಲೇ ಪರೀಕ್ಷಿಸಿ ತಿರಸ್ಕರಿಸುತ್ತವೆ. ಜಿಸಿಸಿಯ ಹಳೆಯ ಆವೃತ್ತಿಗಳು ಕೂಡ ಬರಿಯ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದವು. ಆಮೇಲೆ ಬಿಗಿಯಾದವು.

ಮೈಕ್ರೋಸಾಫ್ಟ್ ಕೂಡ 2020ರಲ್ಲಿ, ವಿಷುಯಲ್ ಸ್ಟುಡಿಯೋ 2019ರ 16.5ನೇ ಆವೃತ್ತಿಯಲ್ಲಿ, ಮಾನದಂಡಕ್ಕೆ ತಕ್ಕ ಹೊಸ ಪ್ರೀಪ್ರೊಸೆಸರನ್ನು ಪೂರ್ಣರೂಪದಲ್ಲಿ ಕೊಟ್ಟಿತು. ಬೇಕೆಂದವರು ಅದನ್ನು ಆಯ್ದುಕೊಳ್ಳಬೇಕು. ಹಳೆಯ ಯಂತ್ರದ ಔದಾರ್ಯವನ್ನು ನಂಬಿ ಬರೆದದ್ದು ಬಹಳ ಇರುವುದರಿಂದ ಹೀಗೆ ಇಟ್ಟಿದ್ದಾರೆ. ಈ ವಿಷಯದಲ್ಲಿ ನಾನು ಬಿಗಿಯವರ ಪಕ್ಷ. ತಪ್ಪನ್ನು ಇಂದು ನುಂಗಿಕೊಳ್ಳುವ ಸಾಧನ, ಆ ತಪ್ಪಿನ ಭಾರವನ್ನು ಮುಂದೆ ಆ ಪ್ರೋಗ್ರಾಮನ್ನು ಬೇರೆಡೆಗೆ ಸಾಗಿಸುವವರ ಹೆಗಲಿಗೆ ಹಾಕುತ್ತದೆ.

ಕೆಲಸಕ್ಕೆ ಕುಳಿತಾಗ

ಈ ದೂರು ನಿಮ್ಮ ಪರದೆಯ ಮೇಲೆ ಬಂದರೆ, ಮೊದಲು ಅದರಲ್ಲಿ ಹೆಸರಿಸಿದ ಎರಡು ತುಣುಕುಗಳನ್ನು ನೋಡಿ. ಅವುಗಳಲ್ಲಿ ಒಂದು '<', '>', ಚುಕ್ಕೆ, ಬಾಣ, '::' ಇಂಥ ಚಿಹ್ನೆಯಾಗಿದ್ದರೆ ಆ ಜಾಗದ ## ಅಳಿಸಿ ಮತ್ತೆ ಕಂಪೈಲ್ ಮಾಡಿ. ಬಹುಪಾಲು ಪ್ರಸಂಗಗಳು ಅಲ್ಲಿಗೇ ಮುಗಿಯುತ್ತವೆ. ನಿಜವಾಗಿಯೂ ಹೊಸ ಹೆಸರು ಬೇಕಾಗಿದ್ದು, ಮ್ಯಾಕ್ರೊಗೆ ಟೆಂಪ್ಲೇಟ್ ಬಗೆಯನ್ನು ಕೊಡುತ್ತಿದ್ದರೆ, 'ಯೂಸಿಂಗ್' ಸಾಲಿನಿಂದ ಆ ಬಗೆಗೆ ಒಂಟಿ ಹೆಸರಿಟ್ಟು ಅದನ್ನೇ ಕೊಡಿ. ಇನ್ನೊಂದು ಮ್ಯಾಕ್ರೊವಿನ ಫಲವನ್ನು, ಉದಾಹರಣೆಗೆ ಸಾಲಿನ ಸಂಖ್ಯೆಯನ್ನು, ಬೆಸೆಯಬೇಕಿದ್ದರೆ ನಡುವೆ ಒಂದು ಮೆಟ್ಟಿಲು ಹೆಚ್ಚಿಸಬೇಕು. ## ಪಕ್ಕದಲ್ಲಿ ಇರುವುದನ್ನು ಪ್ರೀಪ್ರೊಸೆಸರ್ ಬಿಚ್ಚದೆ ಹಾಗೆಯೇ ಬೆಸೆಯುತ್ತದೆ. ಮೊದಲು ಒಂದು ಹೊರ ಮ್ಯಾಕ್ರೊ ಅದನ್ನು ಬಿಚ್ಚಿ ಒಳಗಿನ ಮ್ಯಾಕ್ರೊಗೆ ದಾಟಿಸಿದರೆ ಸರಿಯಾಗುತ್ತದೆ. ಬೂಸ್ಟ್ ಗ್ರಂಥಭಂಡಾರದಲ್ಲಿ ಇದಕ್ಕೆಂದೇ ಸಿದ್ಧ ಮ್ಯಾಕ್ರೊ ಇದೆ.

ಇನ್ನೂ ಅರ್ಥವಾಗದಿದ್ದರೆ ಜಿಸಿಸಿ ಅಥವಾ ಕ್ಲ್ಯಾಂಗ್‌ಗೆ ದೊಡ್ಡ 'ಇ' ಆಯ್ಕೆ ಕೊಟ್ಟು ಓಡಿಸಿ. ಪ್ರೀಪ್ರೊಸೆಸರ್ ಕೆಲಸ ಮುಗಿಸಿದ ಮೇಲಿನ ಪಠ್ಯ, ಮ್ಯಾಕ್ರೊಗಳೆಲ್ಲ ಬಿಚ್ಚಿಕೊಂಡ ಸ್ಥಿತಿಯಲ್ಲಿ, ಪರದೆಗೆ ಬರುತ್ತದೆ. ಶಿರೋಕಡತಗಳ ಸಾವಿರಾರು ಸಾಲುಗಳನ್ನು ದಾಟಿ ಕೊನೆಗೆ ಹೋಗಿ, ನಿಮ್ಮ ಸಾಲು ಏನಾಗಿದೆ ಎಂದು ಕಣ್ಣಾರೆ ನೋಡಿ. ಮ್ಯಾಕ್ರೊ ಬರೆಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಈ ಪಠ್ಯವನ್ನು ಓದಬೇಕು ಎಂಬುದು ನನ್ನ ಕೋರಿಕೆ. ಕಂಪೈಲರ್ ಓದುವುದು ಅದನ್ನೇ ಹೊರತು ನಾವು ಬರೆದದ್ದನ್ನಲ್ಲ.